ಫಲಕವಿಲ್ಲದ ರಾಯಭಾರ

1978ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ನಗರದ ಒಂದು ಹಳೆಯ ಬಂಗಲೆ 10 ಡಾಲರಿಗೆ ಮಾರಾಟವಾಯಿತು. 18 ಎಕರೆ ತೋಟದ ನಡುವಿನ ಆ ಮನೆಯ ಹೆಸರು ಟ್ವಿನ್ ಓಕ್ಸ್. ಚೀನಾ ಗಣರಾಜ್ಯದ ರಾಯಭಾರಿಗಳು 1937ರಿಂದ ಅಲ್ಲಿ ವಾಸವಾಗಿದ್ದರು. ಅಂತರ್ಯುದ್ಧದಲ್ಲಿ ಸೋತ ಆ ಸರ್ಕಾರ 1949ರಲ್ಲಿ ತೈವಾನ್ ದ್ವೀಪಕ್ಕೆ ಸರಿದ ಮೇಲೂ ಅದರ ರಾಯಭಾರಿ ಇದ್ದದ್ದು ಅದೇ ಮನೆಯಲ್ಲಿ. ಆದರೆ ಡಿಸೆಂಬರ್ 15ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್, ಹೊಸ ವರ್ಷದ ಮೊದಲ ದಿನದಿಂದ ಅಮೆರಿಕ ಬೀಜಿಂಗ್ ಸರ್ಕಾರವನ್ನೇ ಚೀನಾದ ಏಕೈಕ ಸರ್ಕಾರವೆಂದು ಮನ್ನಿಸಲಿದೆ ಎಂದು ಘೋಷಿಸಿದರು. ಮಾನ್ಯತೆ ಕೈಬದಲಾದರೆ ಅದರ ಹಿಂದೆಯೇ ಸರ್ಕಾರಿ ಆಸ್ತಿಯೂ ಕೈಬದಲಾಗುವ ಭಯ. ಹಾಗಾಗಿ ತೈವಾನಿನ ಅಧಿಕಾರಿಗಳು ಆ ಮನೆಯನ್ನು ಸ್ನೇಹಿತರ ಒಂದು ಖಾಸಗಿ ಸಂಘಕ್ಕೆ ಬರೆದುಕೊಟ್ಟರು. ನಾಲ್ಕು ವರ್ಷದ ನಂತರ, ಬಿರುಗಾಳಿ ತಣ್ಣಗಾದ ಮೇಲೆ, ಮರಳಿ ಕೊಂಡರು.

ಇತ್ತ ಅಮೆರಿಕವೂ ಹೊಸದೊಂದು ವ್ಯವಸ್ಥೆ ಮಾಡಿಕೊಳ್ಳಬೇಕಿತ್ತು. ತೈಪೆಯಲ್ಲಿದ್ದ ತನ್ನ ರಾಯಭಾರ ಕಚೇರಿಯನ್ನು ಅದು ಮುಚ್ಚಿತು. 1979ರ ಜನವರಿಯಲ್ಲೇ 'ಅಮೆರಿಕನ್ ಇನ್‌ಸ್ಟಿಟ್ಯೂಟ್ ಇನ್ ತೈವಾನ್' ಎಂಬ ಲಾಭರಹಿತ ಸಂಸ್ಥೆಯೊಂದು ವಾಷಿಂಗ್ಟನ್ನಿನ ಸ್ಥಳೀಯ ಕಾನೂನಿನಡಿ ನೋಂದಣಿಯಾಯಿತು. ವಿದೇಶಾಂಗ ಇಲಾಖೆಯ ಅಧಿಕಾರಿಗಳು ಸರ್ಕಾರಿ ಸೇವೆಯಿಂದ ತಾತ್ಕಾಲಿಕವಾಗಿ ಬೇರ್ಪಟ್ಟು, ಆ ಸಂಸ್ಥೆಯ ನೌಕರರಾಗಿ ತೈಪೆಗೆ ಹೋಗುತ್ತಿದ್ದರು. ಅವಧಿ ಮುಗಿದ ಮೇಲೆ ಜ್ಯೇಷ್ಠತೆ ಕಳೆದುಕೊಳ್ಳದೆ ಮಾತೃ ಇಲಾಖೆಗೆ ಮರಳುತ್ತಿದ್ದರು. ಎರಡು ದಶಕಕ್ಕೂ ಹೆಚ್ಚು ಕಾಲ ಈ ಪದ್ಧತಿ ನಡೆಯಿತು. ಅವರು ಮಾಡುತ್ತಿದ್ದ ಕೆಲಸದಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ವೀಸಾ, ವ್ಯಾಪಾರ, ರಕ್ಷಣಾ ಸಾಮಗ್ರಿಯ ಮಾತುಕತೆ, ಸಂಕಷ್ಟದಲ್ಲಿರುವ ಅಮೆರಿಕನ್ ಪ್ರಜೆಗೆ ನೆರವು, ಎಲ್ಲವೂ ಹಿಂದಿನಂತೆಯೇ ನಡೆದವು.

ಈ ದಾರಿಯನ್ನು ಮೊದಲು ತೆರೆದದ್ದು ಜಪಾನ್. 1971ರ ಅಕ್ಟೋಬರ್ 25ರಂದು ವಿಶ್ವಸಂಸ್ಥೆಯ ಮಹಾಸಭೆ 2758ನೇ ನಿರ್ಣಯದ ಮೂಲಕ ಚೀನಾದ ಸ್ಥಾನವನ್ನು ಬೀಜಿಂಗ್‌ಗೆ ಕೊಟ್ಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಟೋಕಿಯೊ ಕೂಡ ಬೀಜಿಂಗ್ ಕಡೆ ತಿರುಗಿತು. ಅದೇ ಡಿಸೆಂಬರಿನೊಳಗೆ ತೈಪೆಯೊಂದಿಗಿನ ವ್ಯವಹಾರಕ್ಕಾಗಿ 'ಇಂಟರ್‌ಚೇಂಜ್ ಅಸೋಸಿಯೇಷನ್' ಎಂಬ ಸಂಘ ಹುಟ್ಟಿತ್ತು. ಆ ಮೇಲೆ ಇದೇ ಮಾದರಿ ಲೋಕವೆಲ್ಲ ಹಬ್ಬಿತು. ಬ್ರಿಟನ್ ವ್ಯಾಪಾರ ಸಮಿತಿಯೊಂದನ್ನು ಕಟ್ಟಿತು. ಆಸ್ಟ್ರೇಲಿಯಾದಲ್ಲಿ ತೈವಾನಿನ ಕಚೇರಿ ಬಹುಕಾಲ 'ಫಾರ್ ಈಸ್ಟ್ ಟ್ರೇಡಿಂಗ್ ಕಂಪನಿ' ಎಂಬ ಹೆಸರು ಹೊತ್ತು ಕೆಲಸ ಮಾಡಿತು. 2024ರ ಜನವರಿಯಲ್ಲಿ ನೌರು ದೇಶ ಕೈಬಿಟ್ಟ ಮೇಲೆ ತೈವಾನಿಗೆ ಉಳಿದ ಅಧಿಕೃತ ಸಂಬಂಧಗಳು ಕೇವಲ 12. ಆದರೂ ಜಗತ್ತಿನಾದ್ಯಂತ ಅದರ ಪ್ರತಿನಿಧಿ ಕಚೇರಿಗಳು ನೂರಕ್ಕೂ ಹೆಚ್ಚು.

ಇದನ್ನು ನೋಡುವ ಕಣ್ಣುಗಳು ಸಾಮಾನ್ಯವಾಗಿ ಎರಡು ಬಗೆ. ಒಂದು, ಇದು ಶುದ್ಧ ಸೋಗು. ದೊಡ್ಡ ರಾಷ್ಟ್ರಗಳು ಬೀಜಿಂಗ್‌ಗೆ ಹೆದರಿ ಆಡುವ ನಾಟಕ ಎನ್ನುತ್ತದೆ. ಇನ್ನೊಂದು, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ, ಇದಕ್ಕಿಂತ ಜಾಣ ರಾಜತಾಂತ್ರಿಕತೆ ಬೇರೆ ಉಂಟೇ ಎಂದು ಮೆಚ್ಚುತ್ತದೆ. ಎರಡೂ ನೋಟಗಳು ರಾಜಧಾನಿಗಳ ಕಡೆಗೇ ತಿರುಗಿರುವುದರಿಂದ ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತ ಮನುಷ್ಯ ಅವುಗಳಿಗೆ ಕಾಣಿಸುವುದಿಲ್ಲ. ಪಾಸ್‌ಪೋರ್ಟ್ ಕಳೆದುಕೊಂಡ ವಿದ್ಯಾರ್ಥಿ, ಸಂಬಳ ಸಿಗದ ಕಾರ್ಮಿಕ, ಪರದೇಶದ ಜೈಲಿನಲ್ಲಿರುವ ಆರೋಪಿ, ಶವವನ್ನು ಊರಿಗೆ ತರಲು ಕಾದಿರುವ ಕುಟುಂಬ. ಅನಧಿಕೃತ ಕಚೇರಿ ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎನ್ನುವುದು ಇವರ ಪಾಡಿನಲ್ಲಿ ಗೊತ್ತಾಗುತ್ತದೆ. ಹಾಗೆ ನೋಡಿದಾಗ ಕಾಣುವುದು ಇಷ್ಟು: ಮಾನ್ಯತೆ ಇಲ್ಲದೆಯೂ ಸಂಬಂಧ ಚೆನ್ನಾಗಿ ನಡೆಯಬಲ್ಲದು, ಆದರೆ ಅದಕ್ಕೆ ಬರಹದಲ್ಲಿ ಆಧಾರ ಬೇಕು. ಆಧಾರ ಇಲ್ಲದ ಕಡೆ ಬೆಲೆ ತೆರುವವರು ದುರ್ಬಲರು.

ಅಮೆರಿಕ ಈ ಆಧಾರವನ್ನು ಬೇಗನೆ ಒದಗಿಸಿತು. 1979ರ ಏಪ್ರಿಲ್ 10ರಂದು ಕಾರ್ಟರ್ ಸಹಿ ಹಾಕಿದ ತೈವಾನ್ ಸಂಬಂಧಗಳ ಕಾಯ್ದೆಯೆಂದರೆ ಬಹಳ ಮಂದಿಗೆ ನೆನಪಾಗುವುದು ಶಸ್ತ್ರಾಸ್ತ್ರ ಮಾರಾಟ. ಅದಕ್ಕಿಂತ ದೂರಗಾಮಿಯಾದದ್ದು ಅದರ ನಾಲ್ಕನೇ ವಿಧಿ. ಅಮೆರಿಕದ ಕಾನೂನುಗಳಲ್ಲಿ ವಿದೇಶ, ರಾಷ್ಟ್ರ, ವಿದೇಶಿ ಸರ್ಕಾರ ಎಂದು ಎಲ್ಲೆಲ್ಲಿ ಹೇಳಿದೆಯೋ ಅಲ್ಲೆಲ್ಲ ತೈವಾನ್ ಕೂಡ ಸೇರುತ್ತದೆ ಎಂದು ಅದು ಹೇಳಿತು. ಮಾನ್ಯತೆ ಹೋದ ಮರುಕ್ಷಣ ತೈವಾನಿನ ಒಬ್ಬ ವ್ಯಾಪಾರಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಬಹುದೇ, ಹಳೆಯ ಒಪ್ಪಂದಗಳು ಉಳಿಯುತ್ತವೆಯೇ, ವಲಸೆ ಕೋಟಾ ಏನಾಗುತ್ತದೆ ಎಂಬ ನೂರು ಪ್ರಶ್ನೆಗಳು ಎದ್ದಿದ್ದವು. ಆ ವಿಧಿ ಅವುಗಳಿಗೆ ಒಟ್ಟಿಗೆ ಉತ್ತರ ಕೊಟ್ಟಿತು. 'ಮಾನ್ಯತೆ' ಎಂಬ ರಾಜಕೀಯ ತೀರ್ಮಾನವನ್ನು ಅದು ಒಂದು ಕಡೆ ಇರಿಸಿ, ಜನರ ಹಕ್ಕುಬಾಧ್ಯತೆಗಳನ್ನು ಇನ್ನೊಂದು ಕಡೆ ಕಾಪಾಡಿತು. ಈ ಬೇರ್ಪಡಿಕೆಯನ್ನು ಕಲಿಯದ ದೇಶಗಳು ಏನು ಅನುಭವಿಸಿದವು ಎನ್ನುವುದಕ್ಕೆ ಫಿಲಿಪೀನ್ಸ್ ಪ್ರಕರಣಕ್ಕಿಂತ ಸ್ಪಷ್ಟ ಸಾಕ್ಷಿ ಸಿಗಲಾರದು.

2013ರ ಮೇ 9ರಂದು, ಎರಡೂ ಕಡೆಯವರು ತಮ್ಮದೆನ್ನುವ ಸಮುದ್ರಭಾಗದಲ್ಲಿ ಫಿಲಿಪೀನ್ಸ್ ಕರಾವಳಿ ಕಾವಲುಪಡೆ ತೈವಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಗುಂಡು ಹಾರಿಸಿತು. 65 ವರ್ಷದ ಮೀನುಗಾರರೊಬ್ಬರು ಸತ್ತರು. ಎರಡು ಸರ್ಕಾರಗಳ ನಡುವೆ ಅಧಿಕೃತ ಸಂಬಂಧವಿದ್ದಿದ್ದರೆ ಮುಂದಿನ ಹೆಜ್ಜೆಗಳು ಎಲ್ಲರಿಗೂ ಗೊತ್ತಿರುವಂಥವು: ರಾಯಭಾರಿಯನ್ನು ಕರೆಸುವುದು, ವಿಷಾದ ಪತ್ರ, ಜಂಟಿ ತನಿಖೆ, ಪರಿಹಾರ. ಇಲ್ಲಿ ಇದ್ದದ್ದು 'ಮನಿಲಾ ಎಕನಾಮಿಕ್ ಅಂಡ್ ಕಲ್ಚರಲ್ ಆಫೀಸ್' ಎಂಬ ಅನಧಿಕೃತ ಕಚೇರಿ. 1975ರಲ್ಲೇ ಬೀಜಿಂಗನ್ನು ಮನ್ನಿಸಿದ್ದ ಫಿಲಿಪೀನ್ಸ್ ಸರ್ಕಾರ ತೈಪೆಯ ಸರ್ಕಾರಕ್ಕೆ ನೇರವಾಗಿ ಕ್ಷಮೆ ಕೇಳಲು ಸಿದ್ಧವಿರಲಿಲ್ಲ. ತೈಪೆ ಸರ್ಕಾರಿ ಮಟ್ಟದ ಕ್ಷಮೆಗಿಂತ ಕಡಿಮೆ ಯಾವುದನ್ನೂ ಒಪ್ಪಲು ಸಿದ್ಧವಿರಲಿಲ್ಲ. ಕಚೇರಿಯ ಮುಖ್ಯಸ್ಥ ಅಮೇಡಿಯೊ ಪೆರೆಜ್ ಅಧ್ಯಕ್ಷರ ವೈಯಕ್ತಿಕ ಪ್ರತಿನಿಧಿಯಾಗಿ ತೈಪೆಗೆ ಬಂದರು. ತಂದ ವಿಷಾದದಲ್ಲಿ ಪ್ರಾಮಾಣಿಕತೆ ಸಾಲದೆಂದು ತೈವಾನ್ ಅದನ್ನು ತಿರಸ್ಕರಿಸಿತು. ಫಿಲಿಪೀನ್ಸಿನಿಂದ ಹೊಸ ಕಾರ್ಮಿಕರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಆಗ ತೈವಾನಿನಲ್ಲಿ ಸುಮಾರು 87 ಸಾವಿರ ಫಿಲಿಪಿನೋ ಕಾರ್ಮಿಕರಿದ್ದರು. ಕಾರ್ಖಾನೆಗಳಲ್ಲಿ, ವೃದ್ಧರ ಆರೈಕೆಯಲ್ಲಿ, ಮೀನು ದೋಣಿಗಳಲ್ಲಿ ದುಡಿಯುತ್ತಿದ್ದ ಇವರಿಗೂ ಸಮುದ್ರದ ಆ ಗುಂಡಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಬೀದಿಯಲ್ಲಿ, ಅಂಗಡಿಯಲ್ಲಿ ಅವಮಾನ ಉಂಡವರು ಅವರೇ. ಕೆಲಸಕ್ಕೆ ಬರಲು ಸಾಲ ಮಾಡಿ ಕಾದಿದ್ದವರು ಮನಿಲಾದಲ್ಲೇ ಉಳಿದರು. ಯಾರು, ಯಾರ ಪರವಾಗಿ, ಯಾರಿಗೆ ಕ್ಷಮೆ ಕೇಳಬೇಕು ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಗಲು ಮೂರು ತಿಂಗಳು ಹಿಡಿಯಿತು. ಕೊನೆಗೆ ಆಗಸ್ಟ್ 8ರಂದು ಪೆರೆಜ್ ಮೃತ ಮೀನುಗಾರರ ದ್ವೀಪಕ್ಕೇ ಹೋಗಿ, ಅಧ್ಯಕ್ಷರ ಮತ್ತು ಜನತೆಯ ಪರವಾಗಿ ಕುಟುಂಬದ ಮುಂದೆ ಕ್ಷಮೆ ಕೇಳಿದರು. ಸರ್ಕಾರಕ್ಕೆ ಸಲ್ಲದ ಮಾತು ಮನೆಯವರಿಗೆ ಸಂದಿತು. ನಿರ್ಬಂಧ ತೆರವಾಯಿತು. ಮುಂದೆ 2015ರ ನವೆಂಬರಿನಲ್ಲಿ, ಮೀನುಗಾರರನ್ನು ಹೇಗೆ ತಡೆಯಬೇಕು, ಯಾವಾಗ ಬಲ ಬಳಸಬಾರದು ಎಂಬ ಒಪ್ಪಂದಕ್ಕೆ ಎರಡೂ ಕಡೆಯ ಅನಧಿಕೃತ ಕಚೇರಿಗಳೇ ಸಹಿ ಹಾಕಿದವು. ಆ ಒಪ್ಪಂದ ಮೊದಲೇ ಇದ್ದಿದ್ದರೆ? ಅದಕ್ಕೆ ಮಾನ್ಯತೆಯ ಅಡ್ಡಿ ಎಂದೂ ಇರಲಿಲ್ಲ. 2015ರಲ್ಲಿ ಸಾಧ್ಯವಾದದ್ದು 2005ರಲ್ಲೂ ಸಾಧ್ಯವಿತ್ತು. ಅನಧಿಕೃತ ಸಂಬಂಧದಲ್ಲಿ ಯಾವುದನ್ನೂ ಕಾಗದಕ್ಕೆ ಇಳಿಸದೆ ಮುಂದೂಡುವ ಅಭ್ಯಾಸ ಬೆಳೆಯುತ್ತದೆ, ಒಂದು ಸಾವು ಸಂಭವಿಸುವ ತನಕ.

ಕಾಗದವಿದ್ದೂ ಸಾಲದ ಸಂದರ್ಭಗಳೂ ಉಂಟು. 2011ರ ನವೆಂಬರಿನಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿದ್ದ ತೈವಾನ್ ಕಚೇರಿಯ ಮುಖ್ಯಸ್ಥೆಯನ್ನು ಎಫ್‌ಬಿಐ ಬಂಧಿಸಿತು. ಮನೆಗೆಲಸದ ಫಿಲಿಪಿನೋ ಮಹಿಳೆಗೆ ಒಪ್ಪಂದದಂತೆ ಸಂಬಳ ಕೊಡದೆ ದುಡಿಸಿಕೊಂಡ ಆರೋಪ ಅದು. 1980ರಲ್ಲಿ ಎರಡೂ ಕಡೆಯ ಸಂಸ್ಥೆಗಳು ಮಾಡಿಕೊಂಡಿದ್ದ ಒಪ್ಪಂದದ ರಕ್ಷಣೆ ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯಗಳಿಗೆ ಮಾತ್ರ ಸಲ್ಲುತ್ತಿತ್ತು. ಮನೆಗೆಲಸದವರನ್ನು ನಡೆಸಿಕೊಂಡ ರೀತಿ ಅದರೊಳಗೆ ಬರುವುದಿಲ್ಲ ಎಂಬುದು ಅಮೆರಿಕದ ನಿಲುವು. ಆಕೆ ತಪ್ಪೊಪ್ಪಿಕೊಂಡು ಗಡೀಪಾರಾದರು. ಶೋಷಣೆಗೆ ಒಳಗಾದ ಮಹಿಳೆಗೆ ನ್ಯಾಯ ಸಿಕ್ಕಿತು, ಅದು ಸಂತೋಷದ ಸಂಗತಿ. ಎರಡು ವರ್ಷದ ನಂತರ ನ್ಯೂಯಾರ್ಕಿನಲ್ಲಿ ಇಂಥದೇ ಆರೋಪದ ಮೇಲೆ ಭಾರತದ ಉಪ ಕಾನ್ಸುಲ್ ಜನರಲ್ ಬಂಧನವಾದಾಗ ಕತೆ ಬೇರೆ ದಿಕ್ಕು ಹಿಡಿಯಿತು. ಅವರನ್ನು ವಿಶ್ವಸಂಸ್ಥೆಯ ನಿಯೋಗಕ್ಕೆ ವರ್ಗಾಯಿಸಿ ಪೂರ್ಣ ವಿನಾಯಿತಿ ದೊರಕಿಸಲು ಭಾರತಕ್ಕೆ ಸಾಧ್ಯವಾಯಿತು. ತೈವಾನಿಗೆ ಹಾಗೆ ಹತ್ತಲು ಇನ್ನೊಂದು ಮೆಟ್ಟಿಲು ಇರಲಿಲ್ಲ. 2013ರ ಫೆಬ್ರವರಿಯಲ್ಲಿ ಎರಡೂ ಸಂಸ್ಥೆಗಳು ಹೊಸ ಒಪ್ಪಂದ ಮಾಡಿಕೊಂಡು ಸಿಬ್ಬಂದಿಯ ವಿನಾಯಿತಿಯನ್ನು ವಿಸ್ತರಿಸಿದವು. ವಿಸ್ತರಣೆಯ ಸರಿತಪ್ಪುಗಳ ಬಗ್ಗೆ ವಾದ ಇರಬಹುದು, ವಿಶೇಷವಾಗಿ ಮನೆಗೆಲಸದವರ ದೃಷ್ಟಿಯಿಂದ. ಆದರೆ ಮಾನ್ಯತೆಯನ್ನು ಮುಟ್ಟದೆಯೇ ರಕ್ಷಣೆಯ ಮಟ್ಟವನ್ನು ಏರಿಸಬಹುದು ಎಂಬುದಕ್ಕೆ ಅದು ಪುರಾವೆ. ಬೀಜಿಂಗ್ ಜೊತೆಗಿನ ಅಮೆರಿಕದ ಸಂಬಂಧ ಅದರಿಂದ ಮುರಿಯಲೂ ಇಲ್ಲ.

ಕಚೇರಿಯೇ ಇಲ್ಲದ ಕಡೆ ಇನ್ನೂ ಕಷ್ಟ. 2016ರ ಏಪ್ರಿಲಿನಲ್ಲಿ ದೂರವಾಣಿ ವಂಚನೆಯ ಆರೋಪ ಹೊತ್ತ 40ಕ್ಕೂ ಹೆಚ್ಚು ತೈವಾನ್ ಪ್ರಜೆಗಳನ್ನು ಕೀನ್ಯಾ ವಿಮಾನ ಹತ್ತಿಸಿ ಚೀನಾಕ್ಕೆ ಕಳಿಸಿತು. ಅವರಲ್ಲಿ ಕೆಲವರು ಕೀನ್ಯಾದ ನ್ಯಾಯಾಲಯದಲ್ಲೇ ಖುಲಾಸೆಯಾಗಿದ್ದರು. ನೈರೋಬಿಯಲ್ಲಿ ತೈವಾನಿನ ಪ್ರತಿನಿಧಿ ಯಾರೂ ಇರಲಿಲ್ಲ. ದಕ್ಷಿಣ ಆಫ್ರಿಕಾದ ಕಚೇರಿಯಿಂದ ಓಡಿ ಬಂದ ಅಧಿಕಾರಿಯ ಮಾತಿಗೆ ಅಲ್ಲಿ ತೂಕವೂ ಇರಲಿಲ್ಲ. ಅಪರಾಧಿಗಳ ಪರ ಯಾರೂ ವಕಾಲತ್ತು ವಹಿಸಬೇಕಿಲ್ಲ. ಆದರೆ ಆರೋಪಿಯನ್ನು ತನ್ನದಲ್ಲದ ನ್ಯಾಯವ್ಯವಸ್ಥೆಗೆ ಒಪ್ಪಿಸುವಾಗ 'ಇವನು ನಮ್ಮವನು' ಎಂದು ಹೇಳುವ ಒಬ್ಬ ಅಧಿಕಾರಿಯಾದರೂ ಎದುರಿಗೆ ಇರಬೇಕು. ಅದು ಮನುಷ್ಯನಿಗೆ ಸಿಗಬೇಕಾದ ಕನಿಷ್ಠ ಘನತೆ.

ಭಾರತಕ್ಕೆ ಈ ಬಗೆಯ ಅರೆಸಂಬಂಧಗಳು ಹೊಸವಲ್ಲ. ಇಸ್ರೇಲನ್ನು 1950ರ ಸೆಪ್ಟೆಂಬರಿನಲ್ಲೇ ಮನ್ನಿಸಿದ ದೆಹಲಿ, ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು 1992ರ ಜನವರಿಯಲ್ಲಿ. ನಡುವಿನ ನಾಲ್ಕು ದಶಕ ಇಸ್ರೇಲಿಗೆ ಇಲ್ಲಿ ಇದ್ದದ್ದು ಬೊಂಬಾಯಿಯ ಒಂದು ಕಾನ್ಸುಲೇಟ್ ಮಾತ್ರ. 1982ರಲ್ಲಿ ಅಲ್ಲಿನ ಕಾನ್ಸುಲ್ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಭಾರತದ ನೀತಿಯನ್ನು ಟೀಕಿಸಿದ್ದಕ್ಕೆ ಅವರನ್ನು ದೇಶದಿಂದ ಹೊರಹಾಕಲಾಯಿತು. ಅತ್ತ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗೆ, ಅದು ಇನ್ನೂ ರಾಜ್ಯವೇ ಆಗಿರದ ಕಾಲದಲ್ಲಿ, 1975ರಲ್ಲೇ ದೆಹಲಿಯಲ್ಲಿ ಕಚೇರಿ ತೆರೆಯಲು ಅವಕಾಶ ಸಿಕ್ಕಿತು. ಒಂದು ಕಡೆ ಮಾನ್ಯತೆ ಇದ್ದೂ ರಾಯಭಾರಿ ಇಲ್ಲ, ಇನ್ನೊಂದು ಕಡೆ ರಾಜ್ಯವಿಲ್ಲದಿದ್ದರೂ ಪ್ರತಿನಿಧಿ ಇದ್ದಾನೆ.

ಕಾಬೂಲ್ ಇದಕ್ಕೆ ಹತ್ತಿರದ ಕಾಲದ ಉದಾಹರಣೆ. 2021ರ ಆಗಸ್ಟಿನಲ್ಲಿ ತಾಲಿಬಾನ್ ನಗರ ಹಿಡಿದಾಗ ಭಾರತ ತನ್ನ ಸಿಬ್ಬಂದಿಯನ್ನು ಪೂರ್ತಿ ಹಿಂದಕ್ಕೆ ಕರೆಸಿಕೊಂಡಿತು. ಮರುವರ್ಷ ಜೂನಿನಲ್ಲಿ ನೆರವು ಕಾರ್ಯದ ಮೇಲುಸ್ತುವಾರಿಗೆಂದು 'ತಾಂತ್ರಿಕ ತಂಡ' ಅದೇ ಕಟ್ಟಡಕ್ಕೆ ಮರಳಿತು. 2025ರ ಅಕ್ಟೋಬರಿನಲ್ಲಿ, ತಾಲಿಬಾನ್ ಆಡಳಿತಕ್ಕೆ ಔಪಚಾರಿಕ ಮಾನ್ಯತೆ ಕೊಡದೆಯೇ, ಆ ತಂಡವನ್ನು ಮತ್ತೆ ರಾಯಭಾರ ಕಚೇರಿಯಾಗಿ ಮೇಲೇರಿಸಲಾಯಿತು. ಹೆಣ್ಣುಮಕ್ಕಳ ಶಾಲೆ ಮುಚ್ಚಿದ ಆಡಳಿತದೊಂದಿಗೆ ಈ ಮಟ್ಟದ ವ್ಯವಹಾರ ಬೇಕಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾನ್ಯತೆ ಮತ್ತು ರಾಯಭಾರವನ್ನು ಬಿಡಿಸಿ ನೋಡುವುದು ದೆಹಲಿಗೆ ತಿಳಿಯದ ವಿದ್ಯೆಯಲ್ಲ ಎಂಬುದಂತೂ ಇದರಿಂದ ಸ್ಪಷ್ಟ. ಅದು ತಿಳಿದಿದ್ದರೆ, ಚುನಾವಣೆಯ ಮೂಲಕ ಶಾಂತವಾಗಿ ಸರ್ಕಾರ ಬದಲಿಸುವ, 2.3 ಕೋಟಿ ಜನರ ತೈವಾನಿನ ವಿಷಯದಲ್ಲಿ ಅಷ್ಟೊಂದು ಸಂಕೋಚ ಏಕೆ?

ಭಾರತ ಬೀಜಿಂಗನ್ನು ಮನ್ನಿಸಿದ್ದು 1949ರ ಡಿಸೆಂಬರಿನಲ್ಲಿ. ತೈಪೆಯಲ್ಲಿ 'ಇಂಡಿಯಾ-ತೈಪೆ ಅಸೋಸಿಯೇಷನ್' ಆರಂಭವಾದದ್ದು 1995ರಲ್ಲಿ. ದೆಹಲಿಯಲ್ಲಿ ಅದರ ಜೋಡಿ 'ತೈಪೆ ಎಕನಾಮಿಕ್ ಅಂಡ್ ಕಲ್ಚರಲ್ ಸೆಂಟರ್'. 2012ರಲ್ಲಿ ಚೆನ್ನೈಯಲ್ಲಿ, 2024ರಲ್ಲಿ ಮುಂಬೈಯಲ್ಲಿ ಅದರ ಶಾಖೆಗಳು ತೆರೆದವು. ಅಷ್ಟರಲ್ಲಿ ವ್ಯವಹಾರ ಎಷ್ಟು ಮುಂದೆ ಸಾಗಿದೆ ಎಂಬುದನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಣೆ ಶುರುಮಾಡಿದ ವಿಸ್ಟ್ರಾನ್ ತೈವಾನಿನ ಕಂಪನಿ. 2023ರಲ್ಲಿ ಆ ಘಟಕ ಟಾಟಾ ಕೈಸೇರಿತು. ದೇವನಹಳ್ಳಿಯ ಬಳಿ ನೂರಾರು ಎಕರೆಯಲ್ಲಿ ಎದ್ದಿರುವ ಫಾಕ್ಸ್‌ಕಾನ್ ಕಾರ್ಖಾನೆಯೂ ತೈವಾನಿನದೇ. ಆ ಕಂಪನಿಯ ಅಧ್ಯಕ್ಷ ಯಂಗ್ ಲಿಯು ಅವರಿಗೆ 2024ರಲ್ಲಿ ಪದ್ಮಭೂಷಣ ಸಂದಿತು. ಒಂದು ದೇಶವನ್ನು ಮನ್ನಿಸದ ಗಣರಾಜ್ಯ ಆ ದೇಶದ ಪ್ರಜೆಗೆ ತನ್ನ ಮೂರನೇ ಅತ್ಯುನ್ನತ ನಾಗರಿಕ ಗೌರವ ಕೊಟ್ಟಿತು, ಕೊಟ್ಟದ್ದು ಸರಿಯಾಗಿಯೇ ಇದೆ.

ಬಂಡವಾಳದ ರಕ್ಷಣೆಗೂ ಕಾಗದವಿದೆ. 2018ರ ಡಿಸೆಂಬರಿನಲ್ಲಿ ಹೂಡಿಕೆ ಒಪ್ಪಂದಕ್ಕೆ ಸಹಿಯಾಯಿತು, ಸಹಿ ಹಾಕಿದವರು ತೈಪೆ ಮತ್ತು ದೆಹಲಿಯ ಆ ಎರಡು ಕಚೇರಿಗಳ ಮುಖ್ಯಸ್ಥರು. 2024ರ ಫೆಬ್ರವರಿ 16ರಂದು ಅದೇ ಎರಡು ಕಚೇರಿಗಳು ಇನ್ನೊಂದು ಒಡಂಬಡಿಕೆಗೆ ಸಹಿ ಹಾಕಿದವು. ಅದು ಭಾರತೀಯ ಕಾರ್ಮಿಕರು ತೈವಾನಿಗೆ ಹೋಗುವ ಬಗ್ಗೆ. ದುಡಿಯುವ ವಯಸ್ಸಿನವರು ಕಡಿಮೆಯಾಗುತ್ತಿರುವ ಆ ದ್ವೀಪದಲ್ಲಿ ಈಗಾಗಲೇ 7 ಲಕ್ಷಕ್ಕೂ ಹೆಚ್ಚು ವಲಸೆ ಕಾರ್ಮಿಕರಿದ್ದಾರೆ. ಇಂಡೊನೇಷ್ಯಾ, ವಿಯೆಟ್ನಾಂ, ಫಿಲಿಪೀನ್ಸ್, ಥಾಯ್ಲೆಂಡ್ ಅವರ ತವರು. ಈ ನಾಲ್ಕೂ ದೇಶಗಳಿಗೆ ತೈಪೆಯಲ್ಲಿ ಇರುವುದು ಅನಧಿಕೃತ ಕಚೇರಿಗಳೇ.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹಿಮಾಲಯದ ಗಡಿಯಲ್ಲಿ ಚೀನಾದ ಸೇನೆಯನ್ನು ಎದುರಿಸುತ್ತಿರುವ ಭಾರತ ತೈವಾನ್ ಕಚೇರಿಗೆ ಕಾನೂನಿನ ಬಲ ಕೊಟ್ಟರೆ ಬೀಜಿಂಗ್ ಸುಮ್ಮನಿರುತ್ತದೆಯೇ? ಲಿಥುವೇನಿಯಾದ ಅನುಭವ ಎಲ್ಲರ ಕಣ್ಣ ಮುಂದಿದೆ. 2021ರ ನವೆಂಬರ್ 18ರಂದು ವಿಲ್ನಿಯಸ್‌ನಲ್ಲಿ ತೆರೆದ ಕಚೇರಿಗೆ 'ತೈಪೆ' ಬದಲು 'ತೈವಾನ್' ಹೆಸರು ಬಳಸಲು ಆ ಪುಟ್ಟ ದೇಶ ಅವಕಾಶ ಕೊಟ್ಟಿತು. ಮೂರೇ ದಿನದಲ್ಲಿ ಚೀನಾ ಸಂಬಂಧದ ಮಟ್ಟವನ್ನು ಇಳಿಸಿತು, ಲಿಥುವೇನಿಯಾದ ಸರಕುಗಳು ಚೀನಾದ ಬಂದರುಗಳಲ್ಲಿ ಸಿಕ್ಕಿಕೊಂಡವು. ಗಯಾನಾದಲ್ಲಂತೂ 2021ರ ಫೆಬ್ರವರಿಯಲ್ಲಿ ಘೋಷಣೆಯಾದ ತೈವಾನ್ ಕಚೇರಿ ಒಂದೇ ದಿನದಲ್ಲಿ ರದ್ದಾಯಿತು. 2024ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾ ತೈವಾನ್ ಕಚೇರಿಯನ್ನು ರಾಜಧಾನಿ ಪ್ರಿಟೋರಿಯಾದಿಂದ ಜೊಹಾನ್ಸ್‌ಬರ್ಗ್‌ಗೆ ಎತ್ತಿಕೊಂಡು ಹೋಗುವಂತೆ ಒತ್ತಡ ಹಾಕಿತು.

ಆದರೆ ಈ ಪ್ರಕರಣಗಳಲ್ಲಿ ಕಿಡಿ ಹೊತ್ತಿಸಿದ್ದು ಯಾವುದು? ವಿಲ್ನಿಯಸ್‌ನಲ್ಲಿ ಫಲಕ, ಗಯಾನಾದ ಜಾರ್ಜ್‌ಟೌನ್‌ನಲ್ಲಿ ಘೋಷಣೆ, ಪ್ರಿಟೋರಿಯಾದಲ್ಲಿ ವಿಳಾಸ. ಕಾರ್ಮಿಕನ ವಿಮೆ, ಕೈದಿಯ ಭೇಟಿ, ಮೀನುಗಾರರ ನಿಯಮ, ಸಿಬ್ಬಂದಿಯ ವಿನಾಯಿತಿ ಇಂಥ ಒಪ್ಪಂದಗಳು ಬೀಜಿಂಗ್‌ನಿಂದ ಒಂದು ಪ್ರತಿಭಟನಾ ಹೇಳಿಕೆಗಿಂತ ಹೆಚ್ಚನ್ನು ಆಹ್ವಾನಿಸಿದ್ದು ವಿರಳ. ಹೆಸರಿನ ಪ್ರಶ್ನೆ ಮುಖ್ಯವಲ್ಲ ಎಂದಲ್ಲ. ತಮ್ಮ ನಾಡಿನ ಹೆಸರನ್ನು ತಮ್ಮದೇ ಕಚೇರಿಯ ಬಾಗಿಲಲ್ಲಿ ಬರೆದುಕೊಳ್ಳಲಾಗದ ತೈವಾನಿಗರ ನೋವು ನಿಜವಾದದ್ದು, ಅದನ್ನು ಹಗುರವಾಗಿ ಕಾಣುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಆದರೆ ದೆಹಲಿಯಂಥ ರಾಜಧಾನಿ ನಾಳೆಯೇ ಮಾಡಬಹುದಾದ ಕೆಲಸ ಯಾವುದು ಎಂದು ಕೇಳಿದರೆ ಉತ್ತರ ಫಲಕದಲ್ಲಿಲ್ಲ, ಕಡತದಲ್ಲಿದೆ. ಅಧಿಕೃತ ಫಲಕ ರಕ್ಷಣೆಯ ಖಾತರಿಯೂ ಅಲ್ಲ. 2021ರ ಡಿಸೆಂಬರಿನಲ್ಲಿ ನಿಕರಾಗುವಾ ತೈವಾನಿನೊಂದಿಗಿನ ಅಧಿಕೃತ ಸಂಬಂಧ ಕಡಿದುಕೊಂಡು, ರಾಯಭಾರ ಕಚೇರಿಯ ಕಟ್ಟಡವನ್ನೇ ವಶಪಡಿಸಿಕೊಂಡು ಚೀನಾಕ್ಕೆ ಕೊಟ್ಟಿತು. ತೈವಾನ್ ಅದನ್ನು ಅಲ್ಲಿನ ಕ್ಯಾಥೊಲಿಕ್ ಚರ್ಚಿಗೆ ದಾನ ಮಾಡಿ ಆಗಿತ್ತು. ಸಂಬಂಧ ಮುರಿದರೂ ಆವರಣವನ್ನು ಗೌರವಿಸಬೇಕು ಎನ್ನುವ 1961ರ ವಿಯೆನ್ನಾ ಒಡಂಬಡಿಕೆಯ 45ನೇ ವಿಧಿ ಅಲ್ಲಿ ನೆರವಿಗೆ ಬರಲಿಲ್ಲ.

ಅಮೆರಿಕದ 1979ರ ಕಾಯ್ದೆಯಂಥ ಸಮಗ್ರ ಕಾನೂನು ಭಾರತದಲ್ಲಿಲ್ಲ. ಸಂಸತ್ತಿನಲ್ಲಿ ಅಂಥದ್ದು ತರುವುದು ರಾಜಕೀಯವಾಗಿ ಭಾರವೆನಿಸಿದರೆ, 2024ರ ಒಡಂಬಡಿಕೆಯ ಜಾರಿ ನಿಯಮಗಳಲ್ಲೇ ಬಹಳಷ್ಟನ್ನು ಸೇರಿಸಬಹುದು. ಭಾರತೀಯ ಕಾರ್ಮಿಕ ಬಂಧನಕ್ಕೊಳಗಾದರೆ ಎಷ್ಟು ಗಂಟೆಯೊಳಗೆ ಇಂಡಿಯಾ-ತೈಪೆ ಸಂಘಕ್ಕೆ ತಿಳಿಸಬೇಕು, ಅಧಿಕಾರಿ ಅವನನ್ನು ಕಾಣಲು ಎಲ್ಲಿ ಅವಕಾಶ, ದಲ್ಲಾಳಿ ಪಡೆಯಬಹುದಾದ ಶುಲ್ಕದ ಮಿತಿ ಎಷ್ಟು, ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ ಉಳಿಯಬಾರದೆಂಬ ಷರತ್ತು, ಕೆಲಸದಲ್ಲಿ ಸತ್ತವರ ಪರಿಹಾರ ಯಾರ ಮೂಲಕ ಮನೆ ತಲುಪಬೇಕು. ಇವು ಯಾವುವೂ 'ಒಂದೇ ಚೀನಾ' ನೀತಿಯ ಒಂದಕ್ಷರವನ್ನೂ ಮುಟ್ಟುವುದಿಲ್ಲ. ಈ ವಿಷಯದಲ್ಲಿ ಮನಿಲಾ 2013ರ ಪಾಠವನ್ನು ಚೆನ್ನಾಗಿಯೇ ಕಲಿತಿದೆ. ತೈಪೆಯ ಜೊತೆಗೆ ಕಾರ್ಖಾನೆಗಳ ಊರುಗಳಾದ ತೈಚುಂಗ್ ಮತ್ತು ಕಾವೊಶುಂಗ್‌ಗಳಲ್ಲೂ ಅದರ ಶಾಖೆಗಳಿವೆ, ಕಾರ್ಮಿಕರ ದೂರು ಕೇಳುವ ಅಧಿಕಾರಿಗಳಿದ್ದಾರೆ. ಭಾರತದ ಸಂಘ ಇರುವುದು ತೈಪೆಯಲ್ಲಿ ಮಾತ್ರ. ಕಾರ್ಮಿಕರ ಮೊದಲ ತಂಡ ದೊಡ್ಡ ಸಂಖ್ಯೆಯಲ್ಲಿ ಹೊರಡುವ ಮುನ್ನ ಕಾವೊಶುಂಗ್‌ನಲ್ಲಿ ಒಂದು ಶಾಖೆ, ಅದರಲ್ಲಿ ಕಾರ್ಮಿಕ ಕಲ್ಯಾಣಕ್ಕೆಂದೇ ನೇಮಕವಾದ ಅಧಿಕಾರಿ, ಹಿಂದಿ ಮಾತ್ರವಲ್ಲದೆ ತಮಿಳು, ತೆಲುಗು, ಕನ್ನಡದಲ್ಲೂ ದೂರು ಆಲಿಸುವ ವ್ಯವಸ್ಥೆ ಇರಬೇಕು. ಇದಕ್ಕೆ ವಿದೇಶಾಂಗ ಸಚಿವಾಲಯದ ಒಂದು ಆದೇಶ ಮತ್ತು ಸಣ್ಣದೊಂದು ಬಜೆಟ್ ಸಾಕು.